50 ಎಂಎಂ ದಪ್ಪದ ಕಾವು ತಡೆ ಹಲಗೆ ಎಂದು ಹೇಳಿ 25 ಎಂಎಂ ಹಾಕಿದ ಮಾಳಿಗೆ ಕೆಲಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮನೆ ತಂಪು ಕಾಮಗಾರಿ ವಿಭಾಗ

ಮಾನ್ಯರೇ,

ರಾಯಚೂರಿನ ನಮ್ಮ ಮನೆಯನ್ನು ತೀರಾ ಕಡಿಮೆ ಕರೆಂಟಿನಲ್ಲಿ ನಡೆಯುವ ಮನೆ ಮಾಡಿಕೊಡುತ್ತೇವೆ ಎಂದು ಫೆಬ್ರವರಿಯಲ್ಲಿ ಒಪ್ಪಿಕೊಂಡವರು ನೀವು. ಈಗ ಮೇ ಮುಗಿಯುತ್ತಾ ಬಂತು. ರಾತ್ರಿ ಒಂಬತ್ತಕ್ಕೆ ಮಲಗುವ ಕೋಣೆಯ ಛಾವಣಿಗೆ ತಾಪ ಅಳೆಯುವ ಗನ್ ಹಿಡಿದರೆ 38 ಡಿಗ್ರಿ ತೋರಿಸುತ್ತೆ. ಮಸ್ಕಿ ಹತ್ತಿರ ನಮ್ಮ ಹಳೇ ಮನೆ ಇದೆ, ಮಣ್ಣಿನ ಮಾಳಿಗೆಯದು. "ಅಲ್ಲಿ ಫ್ಯಾನ್ ಇಲ್ದೇ ಮಲಗ್ತಿದ್ವಿ, ಇಲ್ಲಿ ಎಸಿ ಹಾಕಿದ್ರೂ ಧಗೆ" ಎಂದು ನಮ್ಮವ್ವ ದಿನಾ ಅನ್ನುತ್ತಾರೆ. ಅವರಿಗೆ ಏನು ಉತ್ತರ ಕೊಡಲಿ, ನೀವೇ ಹೇಳಿ.

ಕೆಲಸ ಹಿಡಿದ ಕ್ರಮವೇ ತಪ್ಪು. ಮೊದಲು ಮಾಳಿಗೆ ಮತ್ತು ಪಡುವಣ ಗೋಡೆಯಿಂದ ಒಳಗೆ ಬರುವ ಕಾವು ತಡೀಬೇಕು. ಆಮೇಲೆ ಎಷ್ಟು ಟನ್ ಎಸಿ ಸಾಕು ಅಂತ ಲೆಕ್ಕ ಹಾಕಬೇಕು. ಸೋಲಾರ್ ಕೊನೆಗೆ. ನೀವು ಮಾರ್ಚಿನಲ್ಲೇ ಒಂದೂವರೆ ಟನ್ ಎಸಿ ಮತ್ತು 3 ಕಿಲೋವ್ಯಾಟ್ ಪ್ಯಾನೆಲ್ ತಂದು ಕೂಡಿಸಿಬಿಟ್ಟಿರಿ. ಮಾಳಿಗೆಗೆ ಕೈ ಹಾಕಿದ್ದು ಏಪ್ರಿಲ್ ಕೊನೆಗೆ. ಪ್ಯಾನೆಲ್‌ಗೆ ಬಂದ 78,000 ರೂಪಾಯಿ ಸರ್ಕಾರದ ಸಬ್ಸಿಡಿಯನ್ನು ನಿಮ್ಮ ರಿಯಾಯಿತಿ ಎನ್ನುವ ಹಾಗೆ ನಿಮ್ಮ ಹುಡುಗರು ಮಾತಾಡುತ್ತಾರೆ. ಅದನ್ನೂ ನಿಲ್ಲಿಸಿ.

ಈಗ ಮಾಳಿಗೆ ವಿಷಯ. 900 ಚದರ ಅಡಿ, ಅಡಿಗೆ 210 ರೂಪಾಯಿ, ಒಟ್ಟು 1,89,000 ಕೊಟ್ಟಿದ್ದೇನೆ. ಕೊಟೇಶನ್‌ನಲ್ಲಿ 50 ಎಂಎಂ ಎಕ್ಸ್‌ಪಿಎಸ್ ಹಲಗೆ (ಕಾವು ತಡೆಯುವ ಗಟ್ಟಿ ಫೋಮ್ ಹಲಗೆ), ಮೇಲೆ ಗಾರೆ, ಅದರ ಮೇಲೆ ಬಿಳಿ ಟೈಲ್ಸ್ ಚೂರು ಎಂದು ಬರೆದಿದ್ದೀರಿ. ಕಳೆದ ವಾರ ನೀರಿನ ಟ್ಯಾಂಕಿನ ಪೈಪ್ ಸರಿ ಮಾಡಲು ಪ್ಲಂಬರ್ ಒಂದು ಮೂಲೆ ಒಡೆದ. ಒಳಗಿನ ಹಲಗೆಗೆ ಮಗಳ ಶಾಲೆಯ ಸ್ಕೇಲ್ ಹಿಡಿದು ನೋಡಿದೆ. 25 ಎಂಎಂ! ಎರಡು ಹಲಗೆ ನಡುವೆ ನನ್ನ ಕಿರುಬೆರಳು ತೂರುವಷ್ಟು ಸಂದು. ಸಂದಿನಲ್ಲಿ ಗಾರೆ ಇಳಿದು ನೇರ ಸ್ಲ್ಯಾಬಿಗೆ ಅಂಟಿದೆ. ಕಾವು ಅಲ್ಲಿಂದ ಸಲೀಸಾಗಿ ಇಳಿಯುತ್ತೆ, ಅಲ್ವಾ? ಬಿಳಿ ಟೈಲ್ಸಂತೂ ಬಂದೇ ಇಲ್ಲ, "ಮಳೆಗಾಲ ಆದ್ಮೇಲೆ" ಅಂತಾರೆ. ಬೂದು ಗಾರೆಯ ಮೇಲೆ ಮಧ್ಯಾಹ್ನ ಬರಿಗಾಲಿಡೋಕೆ ಆಗಲ್ಲ.

ಫೋನ್ ಮಾಡಿದರೆ ನಿಮ್ಮ ಎಂಜಿನಿಯರ್, 25 ಎಂಎಂ ಇದ್ದರೂ ಮನೆಗಳಲ್ಲಿ ಕರೆಂಟ್ ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆಯ ಮಿತಿಯೊಳಗೇ ಇದೆ ಎಂದರು. ಇರಬಹುದು. ಮಾಳಿಗೆಯಿಂದ ಕಾವು ಎಷ್ಟು ಇಳಿಯಬಹುದು ಎಂಬ ಅಳತೆಗೆ (ಯು-ವ್ಯಾಲ್ಯೂ, ಕಡಿಮೆ ಇದ್ದಷ್ಟೂ ಒಳ್ಳೇದು) ಆ ಸಂಹಿತೆ ಇಟ್ಟ ಗರಿಷ್ಠ ಮಿತಿ 1.2, ಅಷ್ಟೇ. ನಾನು ದುಡ್ಡು ಕೊಟ್ಟಿದ್ದು ಪಾಸ್ ಮಾರ್ಕಿಗಲ್ಲ, 50 ಎಂಎಂಗೆ.

ಇನ್ನು ಬಿಗಿ ಕಿಟಕಿ. ಮೊದಲ ಭೇಟಿಯಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ಯಾಸಿವ್ ಹೌಸ್ (ಗಾಳಿ ಸೋರದಂತೆ ಕಟ್ಟಿದ, ತೀರಾ ಕಡಿಮೆ ಕರೆಂಟಿನ ಮನೆ) ಕಥೆ ಹೇಳಿದಿರಿ. 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮನೆಯೊಳಗಿನ ಒಟ್ಟು ಗಾಳಿಯ 0.6 ಪಟ್ಟಿಗಿಂತ ಜಾಸ್ತಿ ಸೋರಬಾರದು ಎಂಬ ಲೆಕ್ಕವನ್ನೂ ಕೊಟ್ಟಿರಿ. ಅದನ್ನು ಅಳೆಯಲು ಬಾಗಿಲಿಗೆ ಫ್ಯಾನ್ ಕಟ್ಟಿ ಪರೀಕ್ಷೆ ಮಾಡಬೇಕು. ಆ ಫ್ಯಾನ್ ನಮ್ಮ ಹೊಸ್ತಿಲು ದಾಟಲೇ ಇಲ್ಲ. ನಾನೇ ಊದಿನಕಡ್ಡಿ ಹಚ್ಚಿ ಪಡುವಣ ಕಿಟಕಿಯ ಚೌಕಟ್ಟಿಗೆ ಹಿಡಿದೆ. ಹೊಗೆ ಒಳಗಡೆಗೆ ಬಾಗಿತು. ಸೋರುವ ಕಡೆ ಬಿಟ್ಟು, ಅಡುಗೆಮನೆಯ ಬೆಳಕಿಂಡಿಗೆ ಮಾತ್ರ ಫೋಮ್ ತುಂಬಿ ಮುಚ್ಚಿದ್ದೀರಿ! ಅಲ್ಲಿ ದಿನಾ ಗ್ಯಾಸ್ ಉರಿಯುತ್ತೆ. ಹೊಗೆ, ಹಬೆ ಹೋಗಲು ದಾರಿ ಇಲ್ಲ. ಇದು ಅಪಾಯದ ಮಾತು. ಫೋಮ್ ನಾನೇ ಕಿತ್ತು ಹಾಕಿದ್ದೇನೆ. ಪಡುವಣ ಕಿಟಕಿಗೆ ಹೊರಗಡೆ ನೆರಳು ಕಟ್ಟಬೇಕಿತ್ತು. ನೀವು ಒಳಗೆ ದಪ್ಪ ಪರದೆ ಇಳಿಬಿಟ್ಟು ಹೋದಿರಿ. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಏನು ಮಾಡುತ್ತೆ?

ಈಗ ನನ್ನ ಬೇಡಿಕೆ. ಮಾಳಿಗೆ ಮೇಲೆ ಹಾಕಿದ ಗಾರೆ, ಹಲಗೆ ಪೂರ್ತಿ ತೆಗೆದು, ಸಂದಿಲ್ಲದೆ 50 ಎಂಎಂ ಹಲಗೆ ಕೂಡಿಸಿ, ಮಳೆ ಹಿಡಿಯುವ ಮುಂಚೆ ಬಿಳಿ ಟೈಲ್ಸ್ ಮುಗಿಸಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್, ಪಡುವಣ ಕಿಟಕಿಗೆ ಹೊರಗಿನ ನೆರಳು ಕೊಡಿ. ಗಾಳಿ ಪರೀಕ್ಷೆ ನನ್ನ ಎದುರೇ ಮಾಡಿ, ಅಂಕಿ ಬರೆದುಕೊಡಿ. ಇದಾದ ಮೇಲೆ ಒಂದು ಟನ್ ಎಸಿ ಸಾಕಾದರೆ ಈಗಿನದನ್ನು ವಾಪಸ್ ತಗೊಂಡು ವ್ಯತ್ಯಾಸದ ಹಣ ಕೊಡಿ. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಯಚೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ನೋಡಲು ಬರುವುದಾದರೆ ಮಧ್ಯಾಹ್ನ ಎರಡಕ್ಕೆ ಬನ್ನಿ. ಒಡೆದ ಮೂಲೆ ಹಾಗೇ ಬಿಟ್ಟಿದ್ದೇನೆ. ಕತ್ತರಿಸಿದ ಹಲಗೆಯ ತುಂಡು, ಸ್ಕೇಲ್ ಎರಡೂ ಎತ್ತಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ರಾಯಚೂರು

ಲಗತ್ತು: ಕೊಟೇಶನ್ ಮತ್ತು ರಸೀದಿಗಳ ನಕಲು, ಹಲಗೆಯ ಮೂರು ಫೋಟೋ