ಕಂಪ್ಯೂಟರ್ ಕೇಸ್ ಒಳಗೆ ಯು.ವಿ. (ಅತಿನೇರಳೆ) ಲೈಟ್ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಯಾವ ಯು.ವಿ. ಲೈಟ್ ತಗೊಳ್ಳೋಣ ಅಂತ ಮೂರು ಜನ ಕೇಳಿದ್ದೀರಿ. 395ರಿಂದ 405 ನ್ಯಾನೋಮೀಟರ್ (ಬೆಳಕಿನ ತರಂಗದ ಉದ್ದ) ಅಂತ ಬರೆದಿರುವ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಸಾಕು. ಬರೀ 'ಪರ್ಪಲ್' ಅಂತಿದ್ದರೆ ಬಿಡಿ, ಅದು ಸುಮ್ನೆ ನೇರಳೆ ಬಣ್ಣ. ಅಂಗಡಿಯಲ್ಲೇ ಐನೂರರ ನೋಟು ಹಿಡಿದು ನೋಡಿ, ನಂಬರ್ ಮಿರುಗಿದರೆ ಲೈಟ್ ಅಸಲಿ ಯು.ವಿ.

ಹಳೇ ಕ್ಯಾಥೋಡ್ ಟ್ಯೂಬ್ (ತೆಳು ಗಾಜಿನ ಕೊಳವೆ ದೀಪ) ಬೇಡ. ಅದಕ್ಕೆ ವೋಲ್ಟೇಜ್ ಏರಿಸುವ ಇನ್ವರ್ಟರ್ ಡಬ್ಬಿ ಬೇರೆ ಬೇಕು, ಮೇಲಾಗಿ ಒಡೆಯುವ ಗಾಜು. ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ದೀಪವನ್ನಂತೂ ಹಾಕಲೇಬೇಡಿ, ಕಣ್ಣು, ಚರ್ಮ ಎರಡಕ್ಕೂ ಪೆಟ್ಟು.

ಸ್ಟ್ರಿಪ್ ಅನ್ನು ಅಂಚಿನ ಮರೆಯಲ್ಲಿ ಅಂಟಿಸಿ. ಆದರೆ ಯು.ವಿ.ಗೆ ಹೊಳೆಯುವ ಕೇಬಲ್ಲೋ ಕೂಲೆಂಟೋ (ಕಂಪ್ಯೂಟರ್ ತಂಪು ಮಾಡುವ ದ್ರವ) ಇಲ್ಲದಿದ್ದರೆ ಖರ್ಚು ದಂಡ. ನಾನು ಮೊದಲ ಸಲ ಹಾಕಿದಾಗ ಜಾಸ್ತಿ ಹೊಳೆದದ್ದು ಫ್ಯಾನಿಗೆ ಮೆತ್ತಿದ್ದ ಬಟ್ಟೆಯ ಜುಂಗು!