ಅಪ್ಪನ ಸಾರಿಗೆ ನೀರುಳ್ಳಿ ಹಾಕು

ಮೆಲ್ಬರ್ನ್,
ಭಾನುವಾರ ರಾತ್ರಿ

ಅಮ್ಮಾ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಇಗೋ, ಅಪ್ಪನಿಗೆ ಕೊಡ್ತೇನೆ" ಅನ್ನುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಪ್ರಿಂಟ್ ತೆಗೆದು ಕೊಡುತ್ತಾನೆ, ಕನ್ನಡಕ ಹಾಕಿಕೊಂಡು ಓದು.

ಪಥ್ಯ ಮಾಡಿ ನನ್ನ ಹೊಟ್ಟೆಗೆ ಗುಣವಾಯಿತೆಂದು ಅಪ್ಪನ ಎದೆಯುರಿಗೂ ಒಂದು ತಿಂಗಳಿಂದ ನೀರುಳ್ಳಿ, ಬೆಳ್ಳುಳ್ಳಿ, ಚಪಾತಿ ಎಲ್ಲ ಬಂದ್ ಮಾಡಿದ್ದೀಯಂತೆ. ಪಾಪ ಅಪ್ಪ, ಬದಿಯಡ್ಕ ಪೇಟೆಗೆ ಹೋಗಿ ನೀರುಳ್ಳಿ ಬಜೆ ತಿಂದು ಬರುತ್ತಾರಂತೆ. ನಾನು ಹೇಳಿದ್ದೆಂದು ಹೇಳಬೇಡ.

ನನ್ನ ಹೊಟ್ಟೆಯ ಕಥೆಯೇ ಬೇರೆ ಅಮ್ಮ. ನನ್ನದು ಕರುಳಿನ ರಗಳೆ, ಡಾಕ್ಟರು ಐಬಿಎಸ್ ಅನ್ನುತ್ತಾರೆ. ಒಂದು ದಿನ ಭೇದಿ, ಮೂರು ದಿನ ಏನೂ ಇಲ್ಲ, ಸಂಜೆಯಾದರೆ ಹೊಟ್ಟೆ ಡೋಲು. ನೀರುಳ್ಳಿ, ಗೋಧಿ, ಕಡ್ಲೆಯಲ್ಲಿರುವ ಕೆಲವು ಬಗೆಯ ಸಕ್ಕರೆ ಅಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ನಿನ್ನ ದೋಸೆ ಹಿಟ್ಟಿನ ಹಾಗೆ ಹುಳಿ ಬಂದು ಉಬ್ಬುತ್ತದೆ. ಇವಕ್ಕೆಲ್ಲ ಸೇರಿಸಿ ಫಾಡ್‌ಮ್ಯಾಪ್ ಎಂದು ಹೆಸರು. ಇವನ್ನು ಬಿಡುವ ಪಥ್ಯ ಹುಟ್ಟಿದ್ದೇ ಈ ಊರಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ.

ಆದರೆ ಅದು ಜೀವನಪೂರ್ತಿ ಮಾಡುವ ಪಥ್ಯ ಅಲ್ಲ. 2ರಿಂದ 6 ವಾರ ಬಿಡುವುದು, ಆಮೇಲೆ ಒಂದೊಂದನ್ನೇ ತಿಂದು ನೋಡುವುದು. ನನಗೆ ಎರಡು ಚಪಾತಿ ಆಗುತ್ತದೆ, ನೀರುಳ್ಳಿ ಆಗುವುದಿಲ್ಲ. ಬೆಳ್ಳುಳ್ಳಿಯ ಆಸೆಗೆ ಒಂದು ಉಪಾಯ ಸಿಕ್ಕಿದೆ. ಎಣ್ಣೆಯಲ್ಲಿ ಎಸಳು ಹಾಕಿ ಕೆಂಪಗೆ ಹುರಿದು, ಎಸಳನ್ನು ತೆಗೆದುಬಿಡುತ್ತೇನೆ. ಕಾಟ ಕೊಡುವ ಅಂಶ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಪರಿಮಳ ಮಾತ್ರ ಎಣ್ಣೆಗೆ ಇಳಿಯುತ್ತದೆ. ಅದೇ ಎಣ್ಣೆಯ ಒಗ್ಗರಣೆ! ಹೊಟ್ಟೆ ತೀರಾ ಕೆಟ್ಟ ದಿನ ಕುಚ್ಚಿಲಕ್ಕಿ ಗಂಜಿ. ಗಂಜಿ ಅಂದರೆ ಏನೆಂದು ಇಲ್ಲಿನ ಡಯೆಟಿಷಿಯನ್‌ಗೆ ವಿವರಿಸಲು ಹತ್ತು ನಿಮಿಷ ಬೇಕಾಯಿತು. ಉಪ್ಪಿನಕಾಯಿ ನೆಕ್ಕುವುದನ್ನು ಹೇಳಲಿಲ್ಲ.

ಅಪ್ಪನದು ಎದೆಯುರಿ, ಹುಳಿತೇಗು. ಹೊಟ್ಟೆಯ ಆಮ್ಲ ಮೇಲೆ ಅನ್ನನಾಳಕ್ಕೆ ಬರುವುದು. ಅವರ ತೊಂದರೆ ಇರುವುದು ನೀರುಳ್ಳಿಗಿಂತ ಜಾಸ್ತಿ ಗಡಿಯಾರದಲ್ಲಿ. ಒಂಬತ್ತೂವರೆಗೆ ಹೊಟ್ಟೆ ತುಂಬ ಉಂಡು, ಹತ್ತಕ್ಕೆ ಮಲಗಿದರೆ ಮತ್ತೇನಾಗುತ್ತದೆ? ಊಟ ಏಳಕ್ಕೆ ಬಡಿಸು, ಸ್ವಲ್ಪ ಕಡಿಮೆಯೇ ಬಡಿಸು. ಮಲಗುವ ಮೊದಲು ಮೂರು ಗಂಟೆ ಬಿಡುವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಅಡಿಗೆ ಆರಿಂಚು ಎತ್ತರದ ಮರದ ತುಂಡು ಇಡಲು ತಮ್ಮನಿಗೆ ಹೇಳು. ಎರಡು ದಿಂಬು ಇಟ್ಟರೆ ಆಗುವುದಿಲ್ಲ, ಕುತ್ತಿಗೆ ಬಗ್ಗುತ್ತದೆ ಅಷ್ಟೆ. ಎಡಕ್ಕೆ ಮಗ್ಗುಲಾಗಿ ಮಲಗಿದರೆ ಇನ್ನೂ ಒಳ್ಳೆಯದು. ಕರಿದದ್ದು, ರಾತ್ರಿಯ ಚಾ ಬಿಟ್ಟು ನೋಡಲಿ. ನೀರುಳ್ಳಿ ತಿಂದ ದಿನವೇ ಉರಿ ಜಾಸ್ತಿಯಾಗುತ್ತದೆ ಅಂತ ಕಂಡರೆ ಆಗ ಬಿಡಿಸು, ಸುಮ್ನೆ ಬೇಡ.

ದೊಡ್ಡಮ್ಮ ಹೇಳಿದ್ದಾರಲ್ಲ, ಖಾರ ತಿಂದೇ ಅಲ್ಸರ್ ಅಂತ. ಈ ದೇಶದ ಪರ್ತ್ ಊರಿನ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಒಂದು ಬಗೆಯ ರೋಗಾಣುವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ಹೆಚ್ಚಿನ ಅಲ್ಸರ್‌ಗೆ ಆ ರೋಗಾಣುವೇ ಕಾರಣ. ಅದಕ್ಕೆ 2005ರಲ್ಲಿ ನೊಬೆಲ್ ಬಂತು, ಜೊತೆಗಾರ ರಾಬಿನ್ ವಾರೆನ್ ಅವರಿಗೂ. ಇನ್ನೊಂದು ದೊಡ್ಡ ಕಾರಣ ಕೆಲವು ಬಗೆಯ ನೋವಿನ ಮಾತ್ರೆ.

ಅಪ್ಪ ಮೊಣಕಾಲು ನೋವಿಗೆ ಮೆಡಿಕಲ್‌ನಿಂದ ತಾವೇ ಕೇಳಿ ತಂದು ನುಂಗುವುದು ಯಾವುದು? ಎಷ್ಟು ದಿನದಿಂದ? ನಾನು ಕೇಳಿದರೆ ಮಾತು ತೇಲಿಸುತ್ತಾರೆ. ಮಲ ಕಪ್ಪಾಗಿ ಹೋಗುತ್ತಿದ್ದರೆ, ತೂಕ ಇಳಿದಿದ್ದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾದರೆ ಪಥ್ಯದ ಮಾತೇ ಬೇಡ, ಕೂಡಲೇ ಕಾಸರಗೋಡಿಗೆ ಹೋಗಿ ಡಾಕ್ಟರಿಗೆ ತೋರಿಸಿ.

ಅವರ ಅಂಗಿಯ ಜೇಬಿನಲ್ಲೋ, ಅಡಿಕೆ ಲೆಕ್ಕದ ಪುಸ್ತಕದ ನಡುವೆಯೋ ಆ ಮಾತ್ರೆಯ ಹಾಳೆ ಇರುತ್ತದೆ. ಹೆಸರು ಕಾಣುವ ಹಾಗೆ ಫೋಟೋ ತೆಗೆದು ಕಳಿಸು, ಇವತ್ತೇ.

ನಿನ್ನ ಮಗಳು