ಕಾರವಾರ ಪೋಸ್ಟಿಂಗ್‌ಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳ ಗಮನಕ್ಕೆ: ಹೆಪಟೈಟಿಸ್ ಬಿ ಲಸಿಕೆ

ವಾರ್ಡಿಗೆ ಕಾಲಿಡುವ ಮುಂಚೆ ಲಸಿಕೆ ಕಾರ್ಡ್ ತೆಗೆದು ನೋಡಿ. ಮೂರು ಡೋಸ್ ಆಗಿರಬೇಕು: ಮೊದಲನೆಯದು ಆದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ತಪ್ಪಿಹೋಗುವುದು ಈ ಮೂರನೆಯದೇ. ತಡವಾಗಿದ್ದರೆ ಮತ್ತೆ ಮೊದಲಿನಿಂದ ಬೇಡ, ಬಿಟ್ಟಲ್ಲಿಂದ ಮುಂದುವರಿಸಿ. ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೇ ಹಾಕಿಸಿಕೊಳ್ಳಿ. ಸೊಂಟಕ್ಕೆ ಹಾಕಿದರೆ ಮದ್ದು ಕೊಬ್ಬಿನಲ್ಲೇ ಉಳಿದು ಪ್ರತಿರೋಧ ಸರಿಯಾಗಿ ಬರುವುದಿಲ್ಲ. ಕೊನೆಯ ಡೋಸಿನ 1–2 ತಿಂಗಳ ನಂತರ ಆಂಟಿ-ಎಚ್‌ಬಿಎಸ್ ಟೈಟರ್ (ಪ್ರತಿರೋಧ ಎಷ್ಟು ಬಂದಿದೆ ಎಂದು ನೋಡುವ ರಕ್ತ ಪರೀಕ್ಷೆ) ಮಾಡಿಸಿ. 10 mIU/mLಗಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಿ.

ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಲಸಿಕೆ ಆಗದವರಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾದರೆ 24 ಗಂಟೆಯೊಳಗೆ ಸಿಗಬೇಕು. ಬೈಯ್ತಾರೆ ಅಂತ ದಯವಿಟ್ಟು ಮುಚ್ಚಿಡಬೇಡಿ.

ಅಂಕೋಲಾ, ಕುಮಟಾ ಕಡೆಯಿಂದ ಬಸ್ಸಲ್ಲಿ ಬರುವವರು ಕಾರ್ಡಿನ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ. ಮಳೆಗೆ ನೆನೆದರೆ ಮೊದಲು ಅಳಿಸುವುದು ತಾರೀಖೇ.